ಗಗನರಾಯನ ಎರಡನೇ ನೋಟ್‌ಬುಕ್

೬ ಜನವರಿ ೧೯೯೭, ಸೋಮವಾರ

ಬಸವಂತರಾಯ, ಬಸವಂತರಾಯ, ಬಸವಂತರಾಯ! ಈ ಮನೆಯಲ್ಲಿ ಗಂಡನ ಹೆಸರನ್ನು ಬಾಯಿಂದ ಹೇಳುವಂತಿಲ್ಲ. ಬರೆಯಬಾರದೆಂದು ಮಾತ್ರ ಯಾರೂ ಹೇಳಿಲ್ಲ. ಅದಕ್ಕೇ ಈ ಡೈರಿ.

ಇಂಗ್ಲಿಷಿನಲ್ಲಿ ಬರೆಯಬಹುದಿತ್ತು. ಗುಲ್ಬರ್ಗಾದ ಕಾನ್ವೆಂಟಿನಲ್ಲಿ ಹನ್ನೆರಡು ವರ್ಷ ಕಲಿತದ್ದು ಅದನ್ನೇ. ಆದರೆ ಮೊನ್ನೆ ಕನ್ನಡದಲ್ಲಿ ಕಿರಾಣಿ ಯಾದಿ ಬರೆದುಕೊಟ್ಟಾಗ ಅತ್ತೆ ಅದನ್ನು ದೂರ ಹಿಡಿದು ನೋಡಿ, "ಇರುವಿ ಸಾಲು ದಾರಿ ತಪ್ಪಿದಂಗ ಅದ" ಎಂದರು. ಓದಲು ಬಾರದವರಿಂದ ಅಕ್ಷರಕ್ಕೆ ಬೈಸಿಕೊಂಡ ಮೇಲೆ ಕನ್ನಡದಲ್ಲೇ ಬರೆದು ಕೈ ತಿದ್ದಿಕೊಳ್ಳಲೇಬೇಕು.

ಇಂದಿಗೆ ಮದುವೆಯಾಗಿ ಇಪ್ಪತ್ತೊಂಬತ್ತು ದಿನ! ಇವರು ಕಾಲುವೆ ಇಲಾಖೆಯಲ್ಲಿದ್ದಾರೆ. ವಾರವಿಡೀ ಕ್ಯಾಂಪು, ಶನಿವಾರ ಸಂಜೆ ಸಗರದ ಈ ಮನೆಗೆ, ಭಾನುವಾರ ಊಟ ಮುಗಿಸಿ ವಾಪಸ್. ಎಷ್ಟು ಚೆಂದ ಇದ್ದಾರೆ ಎಂದರೆ ಬರೆಯಲು ಪುಟ ಸಾಲದು. ಎಷ್ಟು ಮಾತಾಡುತ್ತಾರೆ ಎಂದರೆ ಒಂದು ಸಾಲು ಸಾಕು. ಆಡಿದರೂ ತೂಬು, ಗೇಟು, ಟೇಲ್ ಎಂಡ್. ಟೇಲ್ ಎಂಡ್ ಎಂದರೆ ಕಾಲುವೆಯ ಕಟ್ಟಕಡೆಯ ಹೊಲಗಳಂತೆ. ಮೇಲಿನವರು ಎಳೆದುಕೊಂಡು ಮಿಕ್ಕ ನೀರು ಅಲ್ಲಿಗೆ ಮುಟ್ಟುವುದೇ ಇಲ್ಲವಂತೆ. ಮದುವೆಯಾದ ಐದನೇ ದಿನ ನನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಏನು ತೋರಿಸಿದರು ಗೊತ್ತೇ? ಒಂದು ಕಬ್ಬಿಣದ ಗೇಟು! ನಾನು "ವಾವ್" ಎಂದೆ. ಹೆಂಡತಿಯ ಕರ್ತವ್ಯ.

ಮಾವ ತೀರಿಕೊಂಡು ಬಹಳ ವರ್ಷವಾಗಿದೆ. ಮನೆಯಲ್ಲಿ ನಾನು, ಅತ್ತೆ, ಎರಡು ಎಮ್ಮೆ. ಎಮ್ಮೆಗಳು ನನ್ನ ಜೊತೆ ಚೆನ್ನಾಗಿವೆ. ಸಂಕ್ರಾಂತಿಗೆ ಅಣ್ಣ ಬಂದು ತವರಿಗೆ ಕರೆದೊಯ್ಯುತ್ತಾನೆ. ಇನ್ನು ಎಂಟೇ ದಿನ!

ಇವತ್ತು ಇವರಿಗೆ ಸರ್‌ಪ್ರೈಸ್ ಕೊಡಲು ಅಟ್ಟ ಸ್ವಚ್ಛ ಮಾಡಿದೆ. ತಗಡಿನ ಟ್ರಂಕಿನಲ್ಲಿ ಹಳೆಯ ಮೂರು ಗಣಿತದ ನೋಟ್‌ಬುಕ್ ಸಿಕ್ಕವು, ಎಂಟನೇ ಇಯತ್ತೆಯವು. ಮೊದಲ ಪುಟದಲ್ಲಿ ಸರಳ ಬಡ್ಡಿ, ಎರಡನೆಯದರಲ್ಲಿ ಚಕ್ರಬಡ್ಡಿ. ಅಷ್ಟಕ್ಕೇ ತಲೆನೋವು ಬಂದು ಮುಚ್ಚಿದೆ. ಅಂಗಡಿಯ ಇಸ್ಮಾಯಿಲಸಾಬರಿಗೆ ರದ್ದಿಗೆ ಕೊಟ್ಟು, ಬದಲಿಗೆ ಕೆಂಪು ಚೌಕಟ್ಟಿನ ಕನ್ನಡಿ ತಂದು ನಮ್ಮ ಕೋಣೆಗೆ ತೂಗುಹಾಕಿದ್ದೇನೆ. ಸಂಸಾರ ನಡೆಸುವುದು ಇಷ್ಟು ಸುಲಭವೇ!

೮ ಜನವರಿ, ಬುಧವಾರ

ಸಕ್ಕರೆ ಬಂತು. ಪೊಟ್ಟಣ ಬಿಚ್ಚಿ ಡಬ್ಬಿಗೆ ಸುರಿದು ಹಾಳೆ ಬಿಸಾಡುವಷ್ಟರಲ್ಲಿ ಅದರಿಂದ ಒಬ್ಬ ಮನುಷ್ಯ ನನ್ನನ್ನು ನೋಡಿದ.

ಶನಿಗ್ರಹದ ಬಳೆಯ ಮೇಲೆ ಕಾಲಗಲಿಸಿ ನಿಂತಿದ್ದಾನೆ. ತಲೆಗೆ ರುಮಾಲು, ಕಚ್ಚೆ ಬಿಗಿದ ಧೋತರ, ಎದೆಯಲ್ಲಿ ಉರಿಯುವ ನಕ್ಷತ್ರ. ಒಂದು ಕೈಯಲ್ಲಿ ಸಲಿಕೆ, ಇನ್ನೊಂದು ಕೈಯಲ್ಲಿ ಚಂದ್ರ! ಬಾಯಿಂದ ಹೊರಟ ಗುಳ್ಳೆಯಲ್ಲಿ ಹೀಗೆ: "ಎಲೈ ತೂಬಾಸುರ! ಪ್ಲೂಟೋದವರ ಪಾಲಿನ ನೀರು ಬಿಡ್ತೀಯೋ, ನಿನ್ನ ಹಲ್ಲು ಉದುರಿಸಲೋ?" ನಾನು ಅಡುಗೆಮನೆಯಲ್ಲೇ ಚಪ್ಪಾಳೆ ತಟ್ಟಿದೆ. ಯಾವ ಮಗು ಬರೆದಿದೆ ಇದನ್ನು, ಎಂಥ ಜೀನಿಯಸ್ ಎಂದು ಹಾಳೆ ತಿರುಗಿಸಿದೆ.

ಕೆಳಗೆ ಸಣ್ಣ ಅಕ್ಷರದಲ್ಲಿ: "ಗಗನರಾಯ, ಭಾಗ ಎರಡು. ಲೇಖಕರು, ಚಿತ್ರಕಾರರು ಹಾಗೂ ಪ್ರಕಾಶಕರು: ಬಸವಂತರಾಯ ಶಾಂತಪ್ಪ, ೮ನೇ ಇಯತ್ತೆ, ಸಗರ."

ನಾನು ಸಕ್ಕರೆ ಡಬ್ಬಿಯ ಪಕ್ಕದಲ್ಲೇ ಕುಳಿತುಬಿಟ್ಟೆ.

೯ ಜನವರಿ, ಗುರುವಾರ

ಬೆಳಿಗ್ಗೆ ಅಂಗಡಿಗೆ ಓಡಿದೆ. "ಅಂಕಲ್, ನಾನು ಕೊಟ್ಟ ನೋಟ್‌ಬುಕ್‌ಗಳು ಎಲ್ಲಿವೆ?"

"ಎರಡು ಇಲ್ಲೇ ಅದಾವ ನೋಡ್ರಿ ಅಕ್ಕೋರ" ಎಂದು ಇಸ್ಮಾಯಿಲಸಾಬರು ತಕ್ಕಡಿಯ ಕೆಳಗಿನಿಂದ ಒಂದನೆಯದನ್ನೂ ಮೂರನೆಯದನ್ನೂ ಎಳೆದುಕೊಟ್ಟರು. "ನಡುವಿಂದು ಖಲಾಸ್. ಹಾಳಿ ಭಾಳ ಗಟ್ಟಿ. ಇಂಥ ಗಣಿತ ಈಗ ಸಿಗಂಗಿಲ್ಲ."

"ಪೂರ್ತಿ ಹಾಳೆಗಳಾದರೂ ಸಿಗಬಹುದಲ್ಲವೇ?"

"ಸಕ್ಕರಿಗಿ ಪೂರಾ ಹಾಳಿ, ಚಾಪುಡಿಗಿ ಅರ್ಧ, ಜೀರಿಗಿಗಿ ಪಾವು. ನಮ್ಮ ಅಬ್ಬಾನ ಕಾಲದ ರಿವಾಜರೀ."

ಅಂದರೆ ನನ್ನ ಗಂಡನ ಬ್ರಹ್ಮಾಂಡವನ್ನು ಸಗರದ ತುಂಬ ಜೀರಿಗೆಯ ಅಳತೆಗೆ ಹರಿದು ಹಂಚಿದ್ದೇನೆ! ನನ್ನ ಮುಖ ನೋಡಿ ಅವರಿಗೆ ಪಾಪ ಅನಿಸಿರಬೇಕು. ಕಣ್ಣು ಮುಚ್ಚಿ ಹೇಳತೊಡಗಿದರು: "ದೇವಕ್ಕನ ಮನಿಗಿ ಚಾಪುಡಿ ಎರಡು ಸಲ, ಬೀಗರು ಬಂದಾರ. ಮಾಸ್ತರ ಮನಿಗಿ ಜೀರಿಗಿ, ಹೊಟ್ಟಿ ಸರಿ ಇಲ್ಲ ಅವರಿಗಿ. ಲಾಲಮ್ಮ ಅರ್ಧ ಕಿಲೋ ಸಕ್ಕರಿ ಒಯ್ದಾಳ..." ಹದಿನೇಳು ಮನೆಗಳನ್ನು ಬರೆದುಕೊಂಡೆ. ಈ ಊರಲ್ಲಿ ಯಾರ ಹೊಟ್ಟೆ ಹೇಗಿದೆ ಎಂಬುದು ಈಗ ನನಗೆ ಗೊತ್ತು.

ಶನಿವಾರದೊಳಗೆ ಎಲ್ಲ ಸಿಗಲೇಬೇಕು. ಇವರಿಗೆ ಗೊತ್ತಾದರೆ? ಇಪ್ಪತ್ತೊಂಬತ್ತನೇ ದಿನಕ್ಕೆ ಗಂಡನ ಬಾಲ್ಯವನ್ನೇ ಕನ್ನಡಿಗೆ ಮಾರಿದವಳನ್ನು ಯಾರು ನಂಬುತ್ತಾರೆ?

೧೧ ಜನವರಿ, ಶನಿವಾರ

ನಾಲ್ಕು ಮನೆ, ಆರು ತುಂಡು. ಒಂದು ತಲೆ, ಎರಡು ಕಾಲು, ಅರ್ಧ ಗುರುಗ್ರಹ.

ಇವರು ಬಂದರು. ಊರ ಕ್ರಾಸಿನ ಹೋಟೆಲಿನಿಂದ ನನಗಾಗಿ ಮೆಣಸಿನಕಾಯಿ ಭಜಿ ತಂದಿದ್ದರು! ಭಜಿಯನ್ನು ತಟ್ಟೆಗೆ ಸುರಿದು, ಕಟ್ಟಿದ್ದ ಹಾಳೆಯನ್ನು ಮಡಿಚಿ ತಮ್ಮ ಅಂಗಿಯ ಜೇಬಿಗೇ ಇಟ್ಟುಕೊಂಡರು. ಎಷ್ಟು ಶಿಸ್ತು! ನಾನು ತಟ್ಟೆ ಹಿಡಿದು ಅಡುಗೆಮನೆಗೆ ಓಡಿದೆ.

೧೨ ಜನವರಿ, ಭಾನುವಾರ

ಹೊರಡುವ ಮುಂಚೆ ಬೂಟಿನ ದಾರ ಕಟ್ಟಿಕೊಳ್ಳುತ್ತ ಕೇಳಿದರು: "ಅಟ್ಟ ಸ್ವಚ್ಛ ಮಾಡೀಯಂತ?"

"ಹೂಂ."

"ನನಗ ಏನರ ಹೇಳೋದು ಅದ ಏನು?"

"ಇಲ್ಲವಲ್ಲ! ಏನೂ ಇಲ್ಲ!"

ಇನ್ನೊಂದು ಬೂಟಿನ ದಾರ ಬಿಗಿದರು. ಆಮೇಲೆ ಬೈಕು ಹತ್ತಿದರು. ಮದುವೆಯಾದ ಮೇಲೆ ಇವರು ನನ್ನ ಬಗ್ಗೆ ಕೇಳಿದ ಮೊದಲ ಪ್ರಶ್ನೆ. ಅದಕ್ಕೆ ನಾನು ಸುಳ್ಳು ಹೇಳಿದೆ.

೧೩ ಜನವರಿ, ಸೋಮವಾರ

ಸಿಕ್ಕಿಬಿದ್ದೆ.

"ಮೂರು ದಿನದಿಂದ ಮನಿ ಮನಿ ಯಾಕ ತಿರಗಾಕತ್ತೀ?" ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೇ ಇಲ್ಲ. "ನನ್ನ ಚಾಡಿ ಹೇಳಾಕ ಒಂದು ಮನಿ ಸಾಕಲ್ಲ. ಊರೆಲ್ಲ ತಾನ ಹರಡತದ."

ಅತ್ತುಬಿಟ್ಟೆ. ಟ್ರಂಕಿನಿಂದ ಜೀರಿಗೆಯವರೆಗೆ ಎಲ್ಲ ಹೇಳಿದೆ. ಕೊನೆಗೆ ಒಂದನೇ ನೋಟ್‌ಬುಕ್ಕಿನ ಐದನೇ ಪುಟ ತೆರೆದು ಅವರ ಮುಂದೆ ಹಿಡಿದೆ. ಅದರಲ್ಲಿ ಮೂರು ಸೂರ್ಯರ ಲೋಕದ ರಾಣಿ, ಗಗನರಾಯನ ತಾಯಿ ತಾರಾಮಾತೆ, ಸಿಂಹಾಸನದ ಮೇಲೆ ಟೊಂಕಕ್ಕೆ ಕೈಯಿಟ್ಟು ಕೂತಿದ್ದಾಳೆ. ಇನ್ನೊಂದು ಕೈಯಲ್ಲಿ ಮೊರ. ಮೂಗಲ್ಲಿ ನತ್ತು. ಗುಳ್ಳೆಯಲ್ಲಿ ಬರೆದದ್ದನ್ನು ಓದಿ ಹೇಳಿದೆ: "ಗಗನಾ, ಬ್ರಹ್ಮಾಂಡ ಆಮ್ಯಾಲ ಉಳಸು. ಮೊದಲ ಕೈಕಾಲು ತೊಳಿ."

ಹಂಚಿನ ಮೇಲಿನ ರೊಟ್ಟಿ ಕರಿಯಾಯಿತು. ಅತ್ತೆ ತಿರುವಿ ಹಾಕಲಿಲ್ಲ.

"ನತ್ತು ಬಲಕ್ಕ ಬರದಾನ" ಎಂದರು ಕೊನೆಗೆ. "ನನ್ನದು ಎಡಕ್ಕ."

"ಹೌದು ಅತ್ತೆ."

"ಸಿಂಹಾಸನ ಚೊಲೋ ಅದ." ಮತ್ತೆ ನೋಡಿದರು. ಇದ್ದಕ್ಕಿದ್ದಂತೆ ನನ್ನತ್ತ ತಿರುಗಿ, "ಏ ಖೋಡಿ! ಇದನ್ನ ಜೀರಿಗಿ ಕಟ್ಟಾಕ ಕೊಟ್ಟೀಯಾ?"

೧೪ ಜನವರಿ, ಮಂಗಳವಾರ. ಸಂಕ್ರಾಂತಿ

ನನ್ನ ಅತ್ತೆ ಸೂಗಮ್ಮ ದಂಡಿನಲ್ಲಿ ಇರಬೇಕಾದವರು!

ಸಂಕ್ರಾಂತಿಯ ದಿನ ಕುಸುರೆಳ್ಳು ಹಂಚಲು ಯಾರು ಯಾರ ಮನೆಗಾದರೂ ಹೋಗಬಹುದು, ಯಾರೂ ಬಾಗಿಲು ಹಾಕುವಂತಿಲ್ಲ. ಅತ್ತೆ ಒಂದು ಡಬ್ಬಿ ಎಳ್ಳು ನನಗೆ ಕೊಟ್ಟು, ಖಾಲಿ ಡಬ್ಬಿಯನ್ನು ತಾವು ಹಿಡಿದರು. ಪ್ರತಿ ಹೊಸ್ತಿಲಲ್ಲೂ ಒಂದೇ ಮಂತ್ರ: "ಎಳ್ಳು ತಗೋರಿ, ಒಳ್ಳೇವ್ರಾಗಿರೂಣು. ಹಾಳಿ ತರ್ರಿ."

ದೇವಕ್ಕ ಮಾತ್ರ ಜಗ್ಗಲಿಲ್ಲ. ಅವಳು ತೂಬಾಸುರನ ಮುಖವನ್ನು ಹಾಲಿನ ಗೂಡಿಗೆ ಅಂಟಿಸಿದ್ದಾಳೆ. ಹನ್ನೆರಡು ಹಲ್ಲು, ಕೆಂಪು ನಾಲಿಗೆ. "ಇಂವ ಬಂದಾಗಿಂದ ಬೆಕ್ಕು ಈ ಕಡಿ ಹಾದಿಲ್ಲ ಸೂಗಕ್ಕ. ಇವನ್ನ ಒಯ್ದ್ರ ನಾ ಬೆಕ್ಕಿಗಿ ಏನು ಹೇಳ್ಲಿ?"

"ನಾ ಬಂದು ಕೂಡ್ತೀನಿ ತಗೋ" ಎಂದರು ಅತ್ತೆ. "ನನ್ನ ಮಾರಿ ನೋಡಿದ್ರೂ ಬೆಕ್ಕು ಬರಂಗಿಲ್ಲ."

ದೇವಕ್ಕ ನಕ್ಕು ನಕ್ಕು ತಾನೇ ಬಿಡಿಸಿಕೊಟ್ಟಳು. ಸಂಜೆಗೆ ಇಪ್ಪತ್ತಾರು ತುಂಡು! ಮಾಸ್ತರರು ತಮ್ಮ ಜೀರಿಗೆಯ ಹಾಳೆಯನ್ನು ಇಸ್ತ್ರಿ ಮಾಡಿಟ್ಟಿದ್ದರು. "ಕಥಿ ಇಲ್ಲಿಗೇ ನಿಂತದ, ಮುಂದ ಏನಾತು?" ಎಂದು ನನ್ನನ್ನೇ ಕೇಳಿದರು.

ಅಣ್ಣ ಗುಲ್ಬರ್ಗಾದಿಂದ ಬಂದಿದ್ದ. ನಾನು ಗೋಂದು ಹಚ್ಚುತ್ತಿದ್ದೆ. ಗುರುಗ್ರಹ ಇನ್ನೂ ಹಸಿ ಇತ್ತು. ಮುಂದಿನ ತಿಂಗಳು ಬಾ ಎಂದು ಉಣಿಸಿ ಕಳಿಸಿದೆ.

೧೬ ಜನವರಿ, ಗುರುವಾರ

ಯಾದಿಯಲ್ಲಿ ಇನ್ನು ಉಳಿದದ್ದು ಒಂದೇ ಮನೆ, ಒಂದೇ ಹಾಳೆ. ಅದೇ ಎಲ್ಲಕ್ಕಿಂತ ಮುಖ್ಯವಾದದ್ದು.

ಎರಡನೇ ನೋಟ್‌ಬುಕ್ಕಿನ ಕೊನೆಯಲ್ಲಿ ಗಗನರಾಯ ಸಾಯುತ್ತಾನೆ. ತೂಬಾಸುರ ಎಸೆದ ಗೇಟಿನ ಚಕ್ರವನ್ನು ತರಲು ಕರಿಬಾವಿಗೆ ಹಾರುತ್ತಾನೆ. ಕರಿಬಾವಿ ಎಂದರೆ ಬೆಳಕನ್ನೂ ನುಂಗುವ ಬಾವಿ, ಬಿದ್ದ ನಕ್ಷತ್ರವೂ ಮೇಲೆ ಬರುವುದಿಲ್ಲ. ಮೂರನೆಯ ನೋಟ್‌ಬುಕ್ ತೆರೆದರೆ ಅವನು ಪ್ಲೂಟೋದ ಗುಡ್ಡದ ಮೇಲೆ ಆರಾಮವಾಗಿ ರೊಟ್ಟಿ ತಿನ್ನುತ್ತಿದ್ದಾನೆ! ಹೇಗೆ ಬಂದ? ನನಗೆ ಎರಡು ದಿನದಿಂದ ಊಟ ರುಚಿಸುತ್ತಿಲ್ಲ. ಅತ್ತೆಗೂ ಅಷ್ಟೇ. ನಿನ್ನೆ ಎಮ್ಮೆ ಹಿಂಡುತ್ತ, "ಬಾವಿಗಿ ಮೆಟ್ಟಲ ಇದ್ದಿರಬೇಕು" ಎಂದರು.

ಆ ಹಾಳೆ ಇರುವುದು ಲಾಲಮ್ಮನ ಮನೆಯಲ್ಲಿ. ಲಾಲಮ್ಮ ನಮ್ಮ ಹೊಲಕ್ಕೆ ಕಳೆ ತೆಗೆಯಲು ಬರುವವಳು. ಮಗಳು ಬಾಣಂತನಕ್ಕೆ ಬಂದಿದ್ದಾಳೆ. ನಾವು ಹೋದಾಗ ನಾಲ್ಕು ತಿಂಗಳ ಕೂಸು ಸೀರೆ ಕಟ್ಟಿದ ಜೋಳಿಗೆಯಲ್ಲಿ ಮಲಗಿತ್ತು. ಕೊರಳಲ್ಲಿ ಕೆಂಪು ದಾರ, ದಾರಕ್ಕೆ ಬಟ್ಟೆಯ ಸಣ್ಣ ಪುಡಿಕೆ.

"ಸಕ್ಕರಿ ಹಾಳ್ಯಾಗ ಯಂತ್ರ ಬಂದಿತ್ತು ಸೂಗವ್ವಾರ" ಎಂದಳು ಲಾಲಮ್ಮ. "ಒಂಬತ್ತು ಸುತ್ತು, ಒಂದರಾಗ ಒಂದು. ನವಗ್ರಹದ್ದ ಇರಬೇಕಂತ ತಾಯತ ಮಾಡಿ ಕಟ್ಟೀನಿ. ಹದಿನೈದು ದಿನ ಹಗಲೂ ರಾತ್ರಿ ಅತ್ತ ಕೂಸು, ಕಟ್ಟಿದ ದಿನದಿಂದ ನೋಡ್ರಿ, ಹಿಂಗ ಮಕ್ಕೊಂಡದ. ನನ್ನ ಮಗಳೂ ಕಣ್ಣು ಮುಚ್ಚ್ಯಾಳ."

ಮೂಲೆಯಲ್ಲಿ ಮಗಳು ಬಾಯಿ ತೆರೆದುಕೊಂಡು ನಿದ್ದೆಹೋಗಿದ್ದಳು. ಹದಿನೈದು ದಿನದ ನಿದ್ದೆ.

ಅದು ಗಣಿತದ ನೋಟ್‌ಬುಕ್ಕಿನ ಹಾಳೆ ಎಂದು ಹೇಳಲು ಬಾಯಿ ತೆರೆದೆ. ಕೂಸು ನಿದ್ದೆಯಲ್ಲೇ ತುಟಿ ಚಪ್ಪರಿಸಿತು. ಬಾಯಿ ಮುಚ್ಚಿದೆ. ಅತ್ತೆಯತ್ತ ನೋಡಿದೆ. ಹದಿನಾರು ಮನೆಗಳನ್ನು ಗೆದ್ದ ನಮ್ಮ ಅತ್ತೆ ಸೆರಗಿನ ಅಂಚು ತಿರುವುತ್ತಿದ್ದರು.

"ಎಳ್ಳು ತಗೋ ಲಾಲಿ" ಎಂದರು. "ಒಳ್ಳೇವ್ರಾಗಿರೂಣು." ಅಷ್ಟೇ. ಹಾಳೆಯ ಮಾತೇ ಎತ್ತಲಿಲ್ಲ. 

೧೭ ಜನವರಿ, ಶುಕ್ರವಾರ

ತುಂಡುಗಳನ್ನು ಜೋಡಿಸಿ, ಹೊಸ ಹಾಳೆಗೆ ಅಂಟಿಸಿ, ದಬ್ಬಣದಿಂದ ಹೊಲಿದಿದ್ದೇನೆ. ಕೆಲವು ಕಡೆ ಗಗನರಾಯ ಚಹಾಪುಡಿಯ ವಾಸನೆ ಬರುತ್ತಾನೆ. ಕೊನೆಗೆ ನನ್ನ ಕೈಯಾರೆ ಅವನ ಪೂರ್ತಿ ಇತಿಹಾಸವನ್ನು ಬರೆದು ಸೇರಿಸಿದೆ, ಮುಂದೆ ಯಾರಿಗೂ ತಪ್ಪಬಾರದೆಂದು:

ಗಗನರಾಯನು ಮೂರು ಸೂರ್ಯರ ಲೋಕದಲ್ಲಿ, ನೀರಿಲ್ಲದ ವರ್ಷ ಹುಟ್ಟಿದನು. ತೊಟ್ಟಿಲಲ್ಲಿ ಅತ್ತಾಗ ಅವನ ಕಣ್ಣೀರನ್ನು ಕೊಡದಲ್ಲಿ ಹಿಡಿದರು. ಹನ್ನೆರಡನೇ ವಯಸ್ಸಿಗೆ ಸಲಿಕೆ ಹೊತ್ತು ಆಕಾಶಗಂಗೆಗೆ ಹೋಗಿ, ಅಲ್ಲಿಂದ ಒಂಬತ್ತು ಗ್ರಹಗಳಿಗೂ ಕಾಲುವೆ ತೋಡಿದನು. ಗುರು, ಶನಿ ದೊಡ್ಡ ಮನೆತನದವರಾದ್ದರಿಂದ ನೀರನ್ನೆಲ್ಲ ತಾವೇ ಎಳೆದುಕೊಂಡರು. ತೂಬಾಸುರನು ಅವರ ಮನೆಯಲ್ಲಿ ಉಂಡು ಗೇಟು ಮುಚ್ಚಿದನು. ಕಟ್ಟಕಡೆಯ ಪ್ಲೂಟೋಗೆ ಹನಿಯೂ ಮುಟ್ಟಲಿಲ್ಲ. ಗಗನರಾಯನು ಗೇಟಿನ ಚಕ್ರಕ್ಕಾಗಿ ಕರಿಬಾವಿಗೆ ಹಾರಿ ಮಡಿದನು.

ಇಲ್ಲಿ ಒಂದು ಪುಟ ಖಾಲಿ ಬಿಟ್ಟಿದ್ದೇನೆ.

ನಂತರ ಚಕ್ರ ತಂದು ಗೇಟು ತೆರೆದನು. ಪ್ಲೂಟೋದವರು ಸಿಹಿನೀರು ಕುಡಿದು ಅವನನ್ನು ಊರಲ್ಲೇ ಇರು ಎಂದರು. ಅವನು ಮಾತಾಡಲಿಲ್ಲ. ಅವನು ಹೆಚ್ಚು ಮಾತಾಡುವವನಲ್ಲ. ಬೇರೆ ಊರಿನ ಗೇಟು ನೋಡಲು ಹೊರಟನು.

ನಾಳೆ ಶನಿವಾರ. ಎಲ್ಲ ಹೇಳುತ್ತೇನೆ. ಬೈದರೆ ಬೈಯಲಿ. ಅತ್ತೆ, "ಬೈದ್ರ ನನ್ನ ಕಡಿ ನೋಡು, ನಾ ಅದೀನಿ" ಎಂದಿದ್ದಾರೆ.

೧೮ ಜನವರಿ, ಶನಿವಾರ

ಕೈಕಾಲು ತೊಳೆದು ಬರುವುದನ್ನೇ ಕಾದು ಮೂರೂ ನೋಟ್‌ಬುಕ್ಕುಗಳನ್ನು ಇವರ ಮುಂದಿಟ್ಟೆ. ಕಂಠಪಾಠ ಮಾಡಿದ್ದ ಮಾತೆಲ್ಲ ಹಾರಿಹೋಯಿತು. "ರದ್ದಿಗೆ ಕೊಟ್ಟಿದ್ದು ನಾನೇ ರೀ. ಹೋದ ವಾರ ಕೇಳಿದಾಗ ಸುಳ್ಳು ಹೇಳಿದೆ. ನೀವು ನನ್ನನ್ನು ಇನ್ನು ನಂಬಬೇಡಿ" ಎಂದು ಒಂದೇ ಉಸಿರಿನಲ್ಲಿ ಹೇಳಿ ಗೋಡೆಯತ್ತ ತಿರುಗಿ ನಿಂತೆ.

ಹಿಂದೆ ಅಂಗಿಯ ಜೇಬಿನ ಗುಂಡಿ ಬಿಚ್ಚಿದ ಸದ್ದು. ತಿರುಗಿದರೆ ಇವರ ಕೈಯಲ್ಲಿ ಎಣ್ಣೆ ಹಿಡಿದ ಒಂದು ಹಾಳೆ. ಅದರಲ್ಲಿ ಅರ್ಧ ಶುಕ್ರಗ್ರಹ.

"ಭಜಿ ಇದರಾಗ ಕಟ್ಟಿಕೊಟ್ಟಿದ್ರು" ಎಂದರು.

"ಅಂದರೆ ಹೋದ ಶನಿವಾರವೇ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಬೈಯಲಿಲ್ಲ ಯಾಕೆ?"

"ನೀನ ಹೇಳ್ತಿ ಅಂತ ಕುಂತಿದ್ದೆ." ಶುಕ್ರಗ್ರಹವನ್ನು ನೋಟ್‌ಬುಕ್ಕಿನ ಮೇಲಿಟ್ಟು, "ಭಾನುವಾರ ಹೇಳಲಿಲ್ಲ. ಒಂದು ವಾರ ಗೇಟಿನ ಮ್ಯಾಲ ಕುಂತು ಅದನ್ನ ಯೋಚನಿ ಮಾಡೀನಿ" ಎಂದರು.

ಅತ್ತೆ ಬಾಗಿಲಲ್ಲಿ ಕೆಮ್ಮಿದರು. "ಬೈಯೋದು ಮುಗೀತೇನು? ನತ್ತು ಯಾಕ ಬಲಕ್ಕ ಬರದೀ, ಅದನ್ನ ಹೇಳು."

"ಯವ್ವಾ, ನೀ ಕನ್ನಡಿ ಮುಂದ ಕುಂತಾಗ ನೋಡಿ ಬರದಿದ್ದೆ."

ಅತ್ತೆಯ ಬಾಯಿ ಮುಚ್ಚಿಸಿದ ಮೊದಲ ಮಾನವ ನನ್ನ ಗಂಡ!

ಮೂವರೂ ಅಂಗಳದಲ್ಲಿ ಕೂತು ಒಂದೊಂದೇ ಪುಟ ತಿರುವಿದೆವು. ನಾನು ಬಿಟ್ಟ ಖಾಲಿ ಪುಟಕ್ಕೆ ಬಂದಾಗ ಇವರು ನಿಂತರು. ಲಾಲಮ್ಮನ ಕೂಸಿನ ಸಂಗತಿ ಹೇಳಿ, "ಆ ಪುಟದಾಗ ಏನಿತ್ತು ರೀ? ಅವ ಹೆಂಗ ಮ್ಯಾಲ ಬಂದ?" ಎಂದು ಕೇಳಿದೆ.

"ಏನೂ ಇರಲಿಲ್ಲ. ಒಂಬತ್ತು ಸುತ್ತು ಗೀಟು. ಬಾವಿ ಒಳಗಿನ ಕತ್ತಲಿ." ಇವರು ಹಾಳೆಯ ಅಂಚನ್ನು ಬೆರಳಿನಿಂದ ಸರಿಪಡಿಸಿದರು. "ಅಪ್ಪ ತೀರಿಹೋದ ವರ್ಷ ಬರದದ್ದು ಅದು. ಬಾವ್ಯಾಗ ಇಳಿಸಿಬಿಟ್ಟೆ, ಹೊರಗ ಹೆಂಗ ತರೋದು ತಿಳೀಲಿಲ್ಲ. ಆರು ತಿಂಗಳು ಹಂಗೇ ಬಿಟ್ಟೆ. ಆಮ್ಯಾಲ ಮೂರನೇದು ಶುರು ಮಾಡಿ, ರೊಟ್ಟಿ ತಿನ್ನಾಕ ಹಚ್ಚಿದೆ."

 ಅತ್ತೆ ಎದ್ದು ಹೋಗಿ ರೊಟ್ಟಿ ತಂದು ಮಗನ ತಟ್ಟೆಗೆ ಹಾಕಿದರು.

"ಯಾರೋ ಕರದಿರಬೇಕು" ಎಂದರು. "ಬಂದಾನ."

೧೯ ಜನವರಿ, ಭಾನುವಾರ

ಮಧ್ಯಾಹ್ನ ಕ್ಯಾಂಪಿಗೆ ಹೊರಟವರು ಬೈಕನ್ನು ಲಾಲಮ್ಮನ ಮನೆಯ ಕಡೆ ತಿರುಗಿಸಿದರು. ಹಿಂದೆ ನಾನೂ ಇದ್ದೆ. ಲಾಲಮ್ಮ ಇವರನ್ನು ನೋಡಿದ್ದೇ ತಡ, ಜೋಳಿಗೆಗೆ ಅಡ್ಡ ನಿಂತಳು.

"ಸಾಹೇಬ್ರ, ಅದು ನಿಮ್ಮದಂತ ಈಗ ಊರೆಲ್ಲ ಹೇಳಾಕತ್ತದ. ನಮ್ಮ ಕೂಸಿಗಿ ಹಲ್ಲು ಬರೋತನಕ ಇರಲ್ರಿ."

ಇವರು ಕುಕ್ಕರಗಾಲಲ್ಲಿ ಕೂತರು. ಕೂಸಿನ ಕೊರಳ ದಾರವನ್ನೂ ಬಟ್ಟೆಯ ಪುಡಿಕೆಯನ್ನೂ ತುಂಬ ಹೊತ್ತು ನೋಡಿದರು. ಗೇಟು ಪರೀಕ್ಷಿಸುವಾಗ ಹೀಗೇ ನೋಡುತ್ತಾರೆ.

"ನಿನ್ನಿ ಎದ್ದಿತ್ತೇನು?"

"ಒಂದ ಸಲ, ಹಾಲಿಗಿ."

"ಜಳಕ ಮಾಡಸೋ ಮುಂದ ತಗದು ಇಡು. ಮಸಿ ಹಸಿ ಆದ್ರ ಹರಿತದ."

ಲಾಲಮ್ಮನಿಗೆ ನಂಬಿಕೆಯೇ ಬರಲಿಲ್ಲ. "ಒಯ್ಯಂಗಿಲ್ಲೇನ್ರಿ ಹಂಗಾರ?"

"ಯಾಕ ಒಯ್ಯಲಿ? ಹದಿನಾಕು ವರ್ಷ ಟ್ರಂಕಿನ್ಯಾಗ ಸುಮ್ಮ ಬಿದ್ದಿದ್ದ. ಈಗ ಕೆಲಸಕ್ಕ ಹತ್ತ್ಯಾನ."

ಹೇಳಿದವರೇ ಮೊದಲು ನಕ್ಕರು. ಎಷ್ಟು ಜೋರಾಗಿ ಎಂದರೆ ಕೂಸು ಎಚ್ಚರಾಗಿ, ನಮ್ಮನ್ನೆಲ್ಲ ಒಮ್ಮೆ ನೋಡಿ, ಅಳದೆ ಮತ್ತೆ ಮಲಗಿತು. ಲಾಲಮ್ಮ "ನೋಡಿದ್ರ್ಯಾ?" ಎಂಬಂತೆ ನನ್ನತ್ತ ಹುಬ್ಬು ಹಾರಿಸಿದಳು.

ಕ್ರಾಸಿನವರೆಗೂ ಜೊತೆಗೆ ಹೋದೆ. ಇಳಿಯುವಾಗ, "ಈ ವಾರ ಟೇಲ್ ಎಂಡಿಗಿ ನೀರು ಮುಟ್ಟತಾವೇನ್ರಿ?" ಎಂದು ಕೇಳಿದೆ. ಇವರು ಬೈಕು ಬಂದ್ ಮಾಡಿ, ಸ್ಟ್ಯಾಂಡ್ ಹಾಕಿ, ಇಪ್ಪತ್ತು ನಿಮಿಷ ವಿವರಿಸಿದರು. ಕೊಂಕಲ್ ಬಸ್ಸು ಬಂದು ಹೋಯಿತು, ಇನ್ನೊಂದೂ ಬಂದು ಹೋಯಿತು.

ಮನೆಗೆ ಬಂದು ಖಾಲಿ ಬಿಟ್ಟಿದ್ದ ಪುಟ ತೆರೆದು ಬರೆದೆ:

ಗಗನರಾಯನು ಕರಿಬಾವಿಯಿಂದ ಹೇಗೆ ಬಂದನೆಂದು ತಿಳಿದಿಲ್ಲ. ಸದ್ಯ ಲಾಲಮ್ಮನ ಮನೆಯಲ್ಲಿ ಡ್ಯೂಟಿ. ರಜೆ ಇಲ್ಲ.